ಕಾಲು ಇಂಚಿನ ಕವಾಯತು

ಅಮೆರಿಕದ ಎಷ್ಟೋ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಇದೆ. ಹಳೆಯ ಯೋಧರೊಬ್ಬರು ಅಲ್ಲಿ ತೀರಿಕೊಂಡರೆ ಅವರನ್ನು ಹಿಂಬಾಗಿಲಿನಿಂದ ಗುಟ್ಟಾಗಿ ಸಾಗಿಸುವುದಿಲ್ಲ. ಸ್ಟ್ರೆಚರಿನ ಮೇಲೆ ಧ್ವಜವನ್ನೋ ಧ್ವಜದ ಮಾದರಿಯ ಕೌದಿಯನ್ನೋ ಹೊದಿಸುತ್ತಾರೆ. ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಕಾರಿಡಾರಿನ ಎರಡೂ ಬದಿ ನಿಂತು ಕಳುಹಿಸಿಕೊಡುತ್ತಾರೆ. ಆ ಕೌದಿಯನ್ನು ಯಾರಾದರೂ ಹೊಲಿಯಬೇಕಲ್ಲ? ಹಾಗೆ ಪುಕ್ಕಟೆ ಹೊಲಿದುಕೊಡುವ ಗುಂಪೊಂದರಲ್ಲಿ ನಾನೂ ಇದ್ದೇನೆ. ಉದ್ದೇಶವೇನೋ ಬಹಳ ಗಂಭೀರವಾದದ್ದು. ನಾವು ಸೇರುವ ಕೋಣೆಯಲ್ಲಿ ಮಾತ್ರ ಗಾಂಭೀರ್ಯ ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತೂ ನಿಲ್ಲುವುದಿಲ್ಲ.

ಅಲ್ಲಿ ಎಲ್ಲ ಜಗಳಕ್ಕೂ ಮೂಲ ಕಾಲು ಇಂಚು. ಎರಡು ತುಂಡು ಕೂಡಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಇಂಚು ಒಳಗೆ ಹೊಲಿಗೆ ಬೀಳಬೇಕು. ಧ್ವಜಕ್ಕೆ 13 ಪಟ್ಟೆ, ಅಂದರೆ 12 ಹೊಲಿಗೆ. ಪ್ರತಿ ಹೊಲಿಗೆಯೂ ಇಂಚಿನ ಹದಿನಾರನೇ ಒಂದು ಪಾಲು ಒಳಗೆ ಸರಿದರೆ ಎರಡೂ ಬದಿಯ ಬಟ್ಟೆ ಅಷ್ಟಷ್ಟು ನುಂಗಿ, ಕೊನೆಯ ಪಟ್ಟೆ ಮುಟ್ಟುವಷ್ಟರಲ್ಲಿ ಒಂದೂವರೆ ಇಂಚು ಮಾಯ. ಮೂಲೆಯ ನೀಲಿ ಚೌಕ ಮೇಲಿನ ಏಳು ಪಟ್ಟೆಗಳ ಎತ್ತರಕ್ಕೆ ಕೂರಬೇಕು. ಒಂದು ಕೌದಿಯಲ್ಲಿ ಪಟ್ಟೆಗಳು ಕುಗ್ಗಿ, ನೀಲಿ ಚೌಕ ಲಂಗದ ಕೆಳಗೆ ಇಣುಕುವ ಒಳಲಂಗದ ಹಾಗೆ ಮುಕ್ಕಾಲು ಇಂಚು ಜೋತುಬಿದ್ದಿತ್ತು. ಪಟ್ಟೆ ಹೊಲಿದವರು ಚೌಕವೇ ದೊಡ್ಡದಾಯಿತು ಎಂದರು. ಚೌಕ ಕತ್ತರಿಸಿದವರು ಅಳತೆಪಟ್ಟಿಯನ್ನು ಕತ್ತಿಯ ಹಾಗೆ ಹಿಡಿದು ನಿಂತರು.

ತೀರ್ಪು ಕೊಡುವವರು ಪ್ಯಾರಾಚೂಟ್ ಅಜ್ಜ. ಗುಂಪಿನಲ್ಲಿರುವ ಒಬ್ಬರೇ ಗಂಡಸು, ಒಬ್ಬರೇ ಮಾಜಿ ಸೈನಿಕರು, ಎಲ್ಲರಿಗಿಂತ ಚೆನ್ನಾಗಿ ಹೊಲಿಯುವವರೂ ಅವರೇ. ಸೈನ್ಯದಲ್ಲಿ ಅವರ ಕೆಲಸ ಪ್ಯಾರಾಚೂಟ್ ಹೊಲಿದು, ರಿಪೇರಿ ಮಾಡಿ, ಮಡಿಚಿಡುವುದು. ಆ ದಳದವರಿಗೆ ಒಂದು ನಿಯಮವಂತೆ: ಮೇಲಧಿಕಾರಿ ಕೇಳಿದರೆ ತಾವೇ ಮಡಿಚಿದ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರಬೇಕು. ಅಂಥವರಿಗೆ 'ಹೇಗೋ ನಡೆಯುತ್ತೆ ಬಿಡಿ' ಎನ್ನುವ ಮಾತು ರುಚಿಸುವುದಿಲ್ಲ. ಹೊಲಿಗೆಯನ್ನು ಬೆರಳಲ್ಲಿ ಸವರಿ, ಕನ್ನಡಕದ ಮೇಲಿಂದ ನೋಡಿ, "ಇದನ್ನು ಕಟ್ಟಿಕೊಂಡು ನೀವು ಹಾರುತ್ತೀರಾ?" ಅಂತ ಕೇಳುತ್ತಾರೆ. ಅಷ್ಟೇ. ಬಿಚ್ಚುವ ಕೊಕ್ಕೆ ತಾನಾಗಿ ಕೈಗೆ ಬರುತ್ತದೆ.

ಕೆಂಪು ಬಟ್ಟೆಯದು ಬೇರೆಯದೇ ಪುರಾಣ. ಆಸ್ಪತ್ರೆಯವರು ಕೌದಿಯನ್ನು ಪ್ರತಿ ಸಲವೂ ಒಗೆದು ಮತ್ತೆ ಬಳಸುವುದರಿಂದ, ಬಣ್ಣ ಬಿಡುವುದಿದ್ದರೆ ನಮ್ಮಲ್ಲೇ ಬಿಟ್ಟುಬಿಡಲಿ ಎಂದು ಮೊದಲೇ ಒಗೆದು ನೋಡುತ್ತೇವೆ. ಒಂದು ಕೌದಿ ಬಿಳಿ ಪಟ್ಟೆಗಳೆಲ್ಲ ಗುಲಾಬಿಯಾಗಿ ಹೊರಬಂತು. ಮಗುವಿನ ನಾಮಕರಣಕ್ಕಾದರೆ ಸೊಗಸಾಗಿತ್ತು. ಮೂವತ್ತು ವರ್ಷ ಫಿರಂಗಿ ದಳದಲ್ಲಿದ್ದವರಿಗೆ ಹೊದಿಸುವುದು ಹೇಗೆ?

ಎಲ್ಲಕ್ಕಿಂತ ಕಷ್ಟದ ಕೆಲಸ ಮಾತ್ರ ಗುಂಪಿನಲ್ಲಿ ಚಿಕ್ಕವಳಾದ ನನ್ನ ಪಾಲಿಗೆ ಬಂದಿದೆ: ಸತ್ತವರ ಪಾತ್ರ. ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸುವಾಗ ನಕ್ಷತ್ರಗಳಿರುವ ನೀಲಿ ಭಾಗ ತಲೆಯ ಕಡೆ, ಎಡ ಭುಜದ ಮೇಲೆ ಬರಬೇಕೆಂದು ಅಲ್ಲಿನ ಧ್ವಜ ಸಂಹಿತೆ ಹೇಳುತ್ತದೆ. ಕೌದಿಗೂ ನಾವು ಅದನ್ನೇ ಪಾಲಿಸುತ್ತೇವೆ. ಉದ್ದ ಸಾಕೇ, ಇಳಿಬೀಳುವ ಅಂಚು ಎರಡೂ ಕಡೆ ಸಮವಾಗಿದೆಯೇ ಎಂದು ನೋಡಲು ಯಾರಾದರೂ ಕತ್ತರಿಸುವ ಮೇಜಿನ ಮೇಲೆ ಮಲಗಲೇಬೇಕು. ಮಲಗುತ್ತೇನೆ. ಮುಖದ ಮೇಲೆ ಹೊಸ ಬಟ್ಟೆಯ ಗಂಜಿ ವಾಸನೆ. ಹೊರಗೆ ವಾದ.

"ಎಡ ಅಂದರೆ ನನ್ನ ಎಡವೋ ಅವಳ ಎಡವೋ?"

"ಸತ್ತವರ ಎಡ ರೀ!"

"ಹಾಗಾದರೆ ಕಾಲ ಕಡೆ ನಿಂತು ನೋಡಿದರೆ ಬಲಕ್ಕೆ ಬರಬೇಕು."

"ನಾನು ತಲೆಯ ಕಡೆ ನಿಂತಿದ್ದೀನಲ್ಲ!"

ಒಮ್ಮೆ ಈ ವಾದದ ಮಧ್ಯೆ ಯಾರೋ ಕೌದಿಯನ್ನು ಸರ್ರನೆ ತಿರುಗಿಸಿದರು. ಒಳಪದರದಲ್ಲಿ ಉಳಿದುಹೋಗಿದ್ದ ಗುಂಡುಪಿನ್ನು ನನ್ನ ಮೊಣಕೈಗೆ ಚುಚ್ಚಿತು. ಹೆಣ ಕಿಟಾರನೆ ಕಿರುಚಿ ಎದ್ದು ಕೂತಿತು. ಬಾಗಿಲಲ್ಲಿ ಆಗತಾನೆ ಬಂದು ನಿಂತಿದ್ದ ಹೊಸ ಸ್ವಯಂಸೇವಕಿ ಆಮೇಲೆ ನಮ್ಮ ಕಡೆ ತಲೆ ಹಾಕಿಲ್ಲ. ಈಗ ಪಿನ್ನುಗಳನ್ನು ಎಣಿಸಿ ಕೊಡುತ್ತೇವೆ, ಎಣಿಸಿ ವಾಪಸು ಪಡೆಯುತ್ತೇವೆ.

ಎಣಿಕೆ ಎಂದರೆ ಈಚಿನ ನಕ್ಷತ್ರ ಪ್ರಕರಣ ಹೇಳಲೇಬೇಕು. ನಕ್ಷತ್ರಗಳು ಒಟ್ಟು 50. ಆರು, ಐದು, ಆರು, ಐದು ಎಂದು ಒಂಬತ್ತು ಸಾಲು. ಕೊನೆಯ ಸಾಲಿಗೆ ಬಂದಾಗ ಉಳಿದಿದ್ದು ನಾಲ್ಕೇ. ಬುಟ್ಟಿ, ಕಸದ ಚೀಲ, ಮಷೀನಿನ ಅಡಿ, ಎಲ್ಲ ತಡಕಿದ್ದಾಯಿತು. ಹೊಸದಾಗಿ ಕತ್ತರಿಸೋಣವೆಂದರೆ ಆ ಬಿಳಿ ಬಟ್ಟೆಯೂ ಮುಗಿದಿತ್ತು.

ಅಜ್ಜ ಸಮಾಧಾನವಾಗಿ ಹೇಳಿದರು: "1912ರಿಂದ 1959ರವರೆಗೆ ಧ್ವಜದಲ್ಲಿ 48 ನಕ್ಷತ್ರಗಳೇ ಇದ್ದದ್ದು. ಅಲಾಸ್ಕ, ಹವಾಯಿ ಆಮೇಲೆ ಬಂದವು. ಎರಡನೇ ಮಹಾಯುದ್ಧದವರಿಗೆ ಇದೇ ಸರಿ. ಎಂಟೆಂಟರ ಆರು ಸಾಲು ಮಾಡಿ."

"ಅವರೆಲ್ಲ ನೂರರ ಹತ್ತಿರ ಇದ್ದಾರೆ. ಹಾಗಾದರೆ ಬೇಗ ಮುಗಿಸಬೇಕು," ಎಂದರು ಲೆಕ್ಕದ ಟೀಚರಮ್ಮ.

"ನಮ್ಮ ಕೌದಿಗೋಸ್ಕರ ಅವರೇನೂ ಅವಸರ ಮಾಡುವುದು ಬೇಡ," ಎಂದರು ಅಜ್ಜ.

ಹೊಲಿದದ್ದನ್ನೆಲ್ಲ ಬಿಚ್ಚಬೇಕಲ್ಲ ಎಂದು ಗೊಣಗುತ್ತಾ ಟೀಚರಮ್ಮ ಕೊಕ್ಕೆ ತರಲು ಅತ್ತ ತಿರುಗಿದರು. ಅವರ ಸ್ವೆಟರಿನ ಬೆನ್ನಿನ ಮೇಲೆ ಇಸ್ತ್ರಿ ಶಾಖಕ್ಕೆ ಅಂಟಿಕೊಂಡು ಕೂತಿದ್ದವು, ಎರಡು ನಕ್ಷತ್ರ. ಅದೇ ಸ್ವೆಟರಿನಲ್ಲಿ ಅವರು ಆಗಲೇ ಬ್ಯಾಂಕಿಗೂ ಔಷಧದಂಗಡಿಗೂ ಹೋಗಿ ಬಂದಿದ್ದರು.

ಅಮೆರಿಕದ ಭೂಸೇನೆಯಲ್ಲಿ ಎರಡು ನಕ್ಷತ್ರ ಎಂದರೆ ಮೇಜರ್ ಜನರಲ್. ಅಜ್ಜ ಎದ್ದು, ಬೆನ್ನು ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದರು.

"ಅದೆಲ್ಲ ಇರಲಿ," ಎಂದರು ಮೇಜರ್ ಜನರಲ್, "ನನ್ನ ಕನ್ನಡಕ ಕಾಣ್ತಿಲ್ಲ. ಈ ಸೂಜಿಗೆ ಸ್ವಲ್ಪ ದಾರ ಪೋಣಿಸಿಕೊಡಿ."