ಡಿಂಗ ಕೊಟ್ಟಾಯಂನವನಂತೆ

ಕಚೇರಿಯ ಊಟದ ಮೇಜಿನಲ್ಲಿ ಮಾತು ಬಾಲ್ಯದ ಪುಸ್ತಕಗಳತ್ತ ಹೊರಳಿತ್ತು. ನಾನು ಹುರುಪಿನಿಂದ ನಮ್ಮ ಡಿಂಗನ ಗುಣಗಾನ ಶುರು ಮಾಡಿದೆ. ಇಲಿ, ಆದರೆ ಆನೆಯನ್ನೂ ಎತ್ತಿ ಎಸೆಯಬಲ್ಲ ಇಲಿ. ಕಾಡಿನಲ್ಲಿ ಯಾರು ಕೂಗಿದರೂ ಹಾರಿ ಬರುತ್ತಾನೆ. ಎದುರಿಗಿದ್ದ ಸಹೋದ್ಯೋಗಿ ಮೀನಿನ ಮುಳ್ಳು ಬಿಡಿಸುತ್ತಲೇ, "ಅವನು ನಮ್ಮವನು, ಕೊಟ್ಟಾಯಂನವನು" ಎಂದ. ಮಲಯಾಳದಲ್ಲಿ ನಮ್ಮ ಡಿಂಗನ ಹೆಸರು ಡಿಂಕನ್. ಹುಟ್ಟಿದ್ದು 1983ರಲ್ಲಿ, ಅಲ್ಲಿನ ಮಕ್ಕಳ ಪತ್ರಿಕೆ ಬಾಲಮಂಗಳಂ ಪುಟಗಳಲ್ಲಿ. ಶಿರಸಿಯ ಬಸ್ ನಿಲ್ದಾಣದ ಅಂಗಡಿಗೆ ಹೊಸ ಸಂಚಿಕೆ ಬಂತೇ ಎಂದು ನಾವು ಹಣಕಿ ನೋಡುತ್ತಿದ್ದ ಬಾಲಮಂಗಳ ಅದರ ಕನ್ನಡ ಆವೃತ್ತಿ.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಂಗಳದ ದೀಪದಡಿ ಕುಳಿತು ನಾನು ಇದೇ ಡಿಂಗನನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಸುಲಿಯುವವರ ಕೈ ನಿಲ್ಲುವಂತಿಲ್ಲ, ಆದ್ದರಿಂದ ಚಿತ್ರವನ್ನು ಬಾಯಲ್ಲೇ ವಿವರಿಸಬೇಕಿತ್ತು. "ಇಷ್ಟು ಸಣ್ಣ ಇಲಿಗೆ ಅಷ್ಟು ಶಕ್ತಿ ಯಾರು ಕೊಟ್ಟರು?" ಎಂದು ಒಬ್ಬ ಅಜ್ಜಿ ಕೇಳಿದ್ದಳು. ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದರು ಎಂದೆ. ಅದು ಆಕೆಗೆ ರುಚಿಸಲಿಲ್ಲ. ಯಾವುದೋ ದೇವರ ವರವೇ ಇರಬೇಕು ಎಂದು ತೀರ್ಪು ಕೊಟ್ಟು ಮುಂದಿನ ಗೊನೆಗೆ ಕೈ ಹಾಕಿದಳು. ಹೀಗೆ ನಮ್ಮ ಅಂಗಳದಲ್ಲಿ ವರ ಪಡೆದವನನ್ನು ಕೊಟ್ಟಾಯಂನವರು ಒಂದೇ ಮಾತಿನಲ್ಲಿ ಕಸಿದುಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಕೊಚ್ಚಿಯಲ್ಲಿ ನೆಲೆಸಿದ ಮೇಲೆ ನನ್ನನ್ನು ಕಾಡುವುದು ಇಲ್ಲಿನ ದೊಡ್ಡವರ ನಾಚಿಕೆಯಿಲ್ಲದಿರುವಿಕೆ. ಮೀಸೆ ನರೆತವರು ರೈಲು ನಿಲ್ದಾಣದಲ್ಲಿ ಮೊಮ್ಮಗನಿಗೆಂದು ಬಾಲರಮ ಎಂಬ ಮಕ್ಕಳ ಪತ್ರಿಕೆ ಕೊಳ್ಳುತ್ತಾರೆ. ಮೊಮ್ಮಗ ಕೈ ಚಾಚಿದರೂ ಕೊಡದೆ ಮೊದಲು ಅದರ ಮಾಯಾವಿ ಚಿತ್ರಕಥೆಯ ಪುಟ ತಾವೇ ಓದುತ್ತಾರೆ. ಅದರಲ್ಲಿ ಈಟಿಯ ಮೇಲೆ ಕುಳಿತು ಹಾರುವ ಕೆಂಪು ಕುಟ್ಟಿಚ್ಚಾತ್ತನ್, ಅಂದರೆ ಮರಿಭೂತ, ಲುಟ್ಟಾಪ್ಪಿಯಂತೂ ಮನೆಯ ಮಗ. 2019ರಲ್ಲಿ ಅದೇ ಚಿತ್ರಕಥೆಗೆ ಡಿಂಕಿನಿ ಎಂಬ ಹೊಸ ಪಾತ್ರ ಬಂದಾಗ ಲುಟ್ಟಾಪ್ಪಿಯನ್ನು ಕೈಬಿಡುತ್ತಾರೆಂಬ ಸುದ್ದಿ ಹಬ್ಬಿತು. ಸಾಲ ತೀರಿಸುತ್ತಿರುವ, ಮಕ್ಕಳ ಶಾಲೆಯ ಶುಲ್ಕ ಕಟ್ಟುತ್ತಿರುವ ಜನ 'ಲುಟ್ಟಾಪ್ಪಿಯನ್ನು ಉಳಿಸಿ' ಎಂದು ಸಾಮಾಜಿಕ ಜಾಲತಾಣಗಳಲ್ಲಿ ಬೊಬ್ಬೆ ಹಾಕಿದರು. ಡಿಂಕನನ್ನೋ ಇಲ್ಲಿನ ವಿಚಾರವಾದಿಗಳು ದೇವರನ್ನಾಗಿ ಮಾಡಿ ಅಣಕು ಮತವನ್ನೇ ಕಟ್ಟಿದ್ದಾರೆ. ಅವನ ಹೆಸರಿನ ಸಿನಿಮಾ ಘೋಷಣೆಯಾದಾಗ 2016ರಲ್ಲಿ ಇದೇ ಕೊಚ್ಚಿಯಲ್ಲಿ, ನಮ್ಮ ಧಾರ್ಮಿಕ ಭಾವನೆಗೆ ಧಕ್ಕೆಯಾಗಿದೆ ಎಂದು ಗಂಭೀರ ಮುಖ ಹೊತ್ತು ಪ್ರತಿಭಟಿಸಿದರು.

ನಮ್ಮಲ್ಲಿ? ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಒಂದು ಕಾಮಿಕ್ಸ್ ಬಿಡಿಸಿ ಕುಳಿತರೆ ದೊಡ್ಡಪ್ಪ ಕವಳದ ಬಟ್ಟಲಿನಿಂದ ತಲೆ ಎತ್ತಿ, "ತಮಾ, ಇನ್ನೂ ಚಿತ್ರದ ಪುಸ್ತಕ ಬಿಡಲಿಲ್ಲವೇನೋ?" ಎನ್ನುತ್ತಾರೆ. ಆಯಿ ನನ್ನ ಪರ ವಹಿಸುವವರಂತೆ, "ಅವನ ಮಗಳಿಗೆ ತಂದದ್ದು ಬಿಡಿ" ಎಂದು ಸುಳ್ಳು ಹೇಳುತ್ತಾಳೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ. ಏಳನೆಯ ತರಗತಿ ದಾಟಿದ ಮೇಲೆ ಚಿತ್ರಕಥೆ ಓದುವುದು ನಮ್ಮ ಕಡೆ ಸಣ್ಣ ಮಟ್ಟದ ಹುಡುಗಾಟಿಕೆ. ಸುಧಾದಲ್ಲಿ ಫ್ಯಾಂಟಮ್ ಬರುತ್ತಿದ್ದ ಕಾಲದಲ್ಲಿ ಮನೆಯ ಹಿರಿಯರೂ ಅದನ್ನು ಓದುತ್ತಿದ್ದರು ಎಂಬ ಗುಮಾನಿ ನನಗಿದೆ. ಆದರೆ ಒಬ್ಬರೂ ಬಾಯಿ ಬಿಟ್ಟು ಒಪ್ಪಿಕೊಂಡದ್ದಿಲ್ಲ.

ಹಾಗೆಂದು ನಮ್ಮಲ್ಲಿ ಈ ಕೆಲಸ ಬಲ್ಲ ಕೈ ಇರಲಿಲ್ಲವೆಂದಲ್ಲ. 1967ರಲ್ಲಿ ಅಮರ ಚಿತ್ರಕಥೆ ಶುರು ಮಾಡಿದ, 1980ರಲ್ಲಿ ಟಿಂಕಲ್ ತಂದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಆರ್.ಕೆ. ಲಕ್ಷ್ಮಣ್ ಮೈಸೂರಿನವರು, ಟೈಮ್ಸ್ ಆಫ್ ಇಂಡಿಯಾ ಸೇರುವ ಮೊದಲೇ ಕನ್ನಡದ ಹಾಸ್ಯಪತ್ರಿಕೆ ಕೊರವಂಜಿಗೆ ಚಿತ್ರ ಬರೆದವರು. ಇಬ್ಬರೂ ಮುಂಬಯಿಗೆ ಹೋಗಿ ದೊಡ್ಡವರಾದರು. ನಮ್ಮ ಪಾಲಿಗೆ ಉಳಿದದ್ದು ಮದ್ರಾಸಿನಿಂದ ಬಂದ ಚಂದಮಾಮ, ಕೊಟ್ಟಾಯಂ ಮೂಲದ ಡಿಂಗ, ಅಮೆರಿಕದಿಂದ ಬಂದ ಫ್ಯಾಂಟಮ್. ಎಲ್ಲರೂ ಅಚ್ಚ ಕನ್ನಡ ಮಾತಾಡುತ್ತಿದ್ದರು, ಒಬ್ಬರಿಗೂ ನಮ್ಮೂರಿನ ವಿಳಾಸ ಇರಲಿಲ್ಲ.

ಪುಸ್ತಕದಿಂದ ತೆರೆಗೆ ಬಂದರೆ ಹೊಟ್ಟೆಕಿಚ್ಚು ಇನ್ನಷ್ಟು. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮಲಯಾಳಂ ಸಿನಿಮಾ ಮಿನ್ನಲ್ ಮುರಳಿಯ ನಾಯಕ ಒಬ್ಬ ದರ್ಜಿ, ಖಳ ಚಹಾದಂಗಡಿಯ ಕೆಲಸದವನು. ಇಬ್ಬರಿಗೂ ಒಂದೇ ರಾತ್ರಿ ಸಿಡಿಲು ಬಡಿಯುತ್ತದೆ. ಶಕ್ತಿ ಬಂದ ಮೇಲೂ ದರ್ಜಿಗೆ ಅಮೆರಿಕಕ್ಕೆ ಹೋಗುವ ಆಸೆ ಬಿಡುವುದಿಲ್ಲ. ಹಾಲಿವುಡ್ಡಿನ ಉಡುಪನ್ನು ಬಾಡಿಗೆಗೆ ತಂದಂತಿಲ್ಲ, ಊರಿನ ಅಳತೆಗೇ ಹೊಲಿದಂತಿದೆ. ಕಳೆದ ವರ್ಷಗಳ ದೊಡ್ಡ ಗೆಲುವು, 2025ರ ಲೋಕಾ, ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ದಂತಕಥೆಯನ್ನು ಎತ್ತಿಕೊಂಡಿತು. ಅವರ ನೀಲಿ ಬಂದು ಮನೆ ಮಾಡುವುದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಿ! ಬಾಡಿಗೆಗೆ ಮನೆ ಕೊಟ್ಟು ಕಥೆ ಕಳೆದುಕೊಳ್ಳುವುದು ನಮಗೇ ಸಾಧ್ಯ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹಟ ಹಿಡಿದು ಹೊರಗಿನ ಸಾಹಸಿಗರನ್ನು ಕನ್ನಡದ ತೆರೆಗೆ ಬಿಡಲಿಲ್ಲ, ಸರಿ. ಆ ಖಾಲಿ ಜಾಗದಲ್ಲಿ ನಮ್ಮದೇ ಒಬ್ಬನನ್ನಾದರೂ ನಿಲ್ಲಿಸಬಹುದಿತ್ತಲ್ಲ.

ಇದನ್ನೆಲ್ಲ ಕಳೆದ ಬೇಸಿಗೆಯಲ್ಲಿ ಕುಮಟೆಯ ಭಾವನ ಮುಂದೆ ಹೇಳಿದೆ. ಅವನು ಸೋಲುವ ಪೈಕಿಯಲ್ಲ. "ನಿನ್ನ ದೊಡ್ಡಪ್ಪನನ್ನು ಯಕ್ಷಗಾನದ ಚಿಟ್ಟಾಣಿಯವರ ಭಸ್ಮಾಸುರನ ಬಗ್ಗೆ ಕೇಳಿ ನೋಡು" ಎಂದ. ಕೇಳಬೇಕಾದ ಅಗತ್ಯವೇ ಇರಲಿಲ್ಲ, ನಾನು ಕೇಳಿಯೇ ಬೆಳೆದವನು. ಮೋಹಿನಿಯ ಮುಂದೆ ಆ ಭಸ್ಮಾಸುರ ಕಣ್ಣು ಹೊರಳಿಸಿದ ಬಗೆಯನ್ನು ದೊಡ್ಡಪ್ಪ ಈಗಲೂ ಕುಳಿತಲ್ಲೇ ಮಾಡಿ ತೋರಿಸುತ್ತಾರೆ. ಅದೇ ವೇಷವನ್ನು ಇನ್ನೊಬ್ಬರು ಕಟ್ಟಿದಾಗ ಪ್ರವೇಶದ ಕುಣಿತ ಹೇಗೆ ಸಪ್ಪೆಯಾಯಿತು, ಭಾಗವತರು ಯಾವ ಪದವನ್ನು ಹಾರಿಸಿದರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕೆರೆಮನೆ ಮೇಳದ ಅಭಿಮಾನಿಯಾದ ನೆರೆಮನೆಯವರ ಜೊತೆ ಈ ವಿಷಯಕ್ಕೆ ಮಾತು ಬಿಟ್ಟಿದ್ದೂ ಉಂಟು. ಯಾವ ನಟನ ಬ್ಯಾಟ್‌ಮ್ಯಾನ್ ಮೇಲು ಎಂದು ನನ್ನ ಗೆಳೆಯರು ಬಡಿದಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಭಾವ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪುತ್ತೇನೆ: ಅಭಿಮಾನದಲ್ಲಿ ನಮ್ಮವರು ಕೊಟ್ಟಾಯಂನವರಿಗೆ ಕಡಿಮೆಯಿಲ್ಲ, ಬೆಳಗಾಗುವವರೆಗೆ ಗದ್ದೆಯ ಚಳಿಯಲ್ಲಿ ಕುಳಿತ ಲೆಕ್ಕ ಹಿಡಿದರೆ ಒಂದು ಕೈ ಹೆಚ್ಚೇ. ಇತ್ತ ಕೇರಳದಲ್ಲಿಯೂ ಎಲ್ಲ ಸೊಂಪಾಗಿಲ್ಲ. ಡಿಂಕನನ್ನು ಹೆತ್ತ ಬಾಲಮಂಗಳಂ 2012ರಲ್ಲೇ ನಿಂತುಹೋಯಿತು. ಈಗಿನ ಮಲಯಾಳಿ ಮಕ್ಕಳಲ್ಲಿ ಅನೇಕರಿಗೆ ಅವನು ಅಪ್ಪನ ಮೊಬೈಲಿನ ತಮಾಷೆಯ ಚಿತ್ರ ಮಾತ್ರ.

ಆದರೂ ಭಾವನ ವಾದದಲ್ಲಿ ಒಂದು ತೂತಿದೆ. ದೊಡ್ಡಪ್ಪನ ಭಸ್ಮಾಸುರ ದೊಡ್ಡಪ್ಪನ ಕಣ್ಣಿನಲ್ಲಿದ್ದಾನೆ. ಕೊಚ್ಚಿಯಲ್ಲಿ ಬೆಳೆಯುತ್ತಿರುವ ನನ್ನ ಮಗಳು ಅವನನ್ನು ಶಾಲೆಯ ಚೀಲದಲ್ಲಿ ಇಟ್ಟುಕೊಂಡು ಹೋಗುವಂತಿಲ್ಲ. ಆಕೆಯ ಚೀಲದಲ್ಲಿರುವುದು ಲುಟ್ಟಾಪ್ಪಿ. ಕಿರೀಟ, ಬಣ್ಣ, ಕೋರೆಹಲ್ಲು, ಅಬ್ಬರದ ಪ್ರವೇಶ, ಎಲ್ಲವೂ ವೇಷ ಕಟ್ಟುವ ಚೌಕಿಯಲ್ಲಿ ತಯಾರಾಗಿ ನಿಂತಿವೆ. ಪುಟದ ಚೌಕಟ್ಟಿನೊಳಗೆ ಅವನ್ನು ಕರೆತರುವ ಚಿತ್ರಕಾರರು ಬೇಕು, ಕೈಯಿಂದ ನಾಲ್ಕು ಕಾಸು ಹಾಕುವ ಪ್ರಕಾಶಕರು ಬೇಕು. ಯಾರಾದರೂ ಶುರು ಮಾಡುವುದಾದರೆ ನನ್ನ ಚಂದಾ ಮುಂಗಡವಾಗಿಯೇ ಕಳಿಸುತ್ತೇನೆ, ದೊಡ್ಡಪ್ಪನ ಹೆಸರಿಗೂ ಒಂದು ಪ್ರತಿ ಬರೆಸುತ್ತೇನೆ. ಮೊದಲ ಸಂಚಿಕೆಯಲ್ಲೇ ಭಸ್ಮಾಸುರನ ಕಿರೀಟ ಹೀಗಿರುವುದಿಲ್ಲ ಎಂದು ಅವರು ಸಂಪಾದಕರಿಗೆ ಪತ್ರ ಬರೆಯುವುದಂತೂ ಖಂಡಿತ.