ಬ್ಯಾಟರಿಗೆ ಎಷ್ಟು ವೋಲ್ಟು, ಹೇಳ್ರಿ?

ಗೋಳಗುಮ್ಮಟದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳಿಸುತ್ತದೆ ಅಂತಾರೆ. ವಿಜಯಪುರದ ನಮ್ಮ ಓಣಿಯೂ ಏನು ಕಡಿಮೆ ಇಲ್ಲ. ಕಳೆದ ರವಿವಾರ ಬೆಳಿಗ್ಗೆ ನನ್ನ ಕಾರು ಒಂದೇ ಸಲ ‘ಟಕ್’ ಎಂದಿತು. ಏಳು ಮನೆಯವರು ಹೊರಗೆ ಬಂದರು.

ಜಮಖಂಡಿಗೆ ಹೊರಟಿದ್ದೆವು. ಹೆಂಡತಿಯ ಕಾಕಾನ ಮಗಳ ಮದುವೆ. ಅಕ್ಕಿಕಾಳು 12.20ಕ್ಕೆ, ದಾರಿ ಸುಮಾರು 60 ಕಿಲೋಮೀಟರ್. ಇಳಕಲ್ ಸೀರೆ ಉಟ್ಟ ಹೆಂಡತಿ ಮುಂದೆ, ಅವ್ವ ಮತ್ತು ಮಗ ಹಿಂದೆ. ಕೀಲಿ ತಿರುಗಿಸಿದೆ. ಟಕ್. ದೀಪಗಳೆಲ್ಲ ಮಂಕಾದವು. ಇನ್ನೊಮ್ಮೆ ತಿರುಗಿಸಿದೆ. ಟಕಟಕಟಕ. ಹಾರ್ನ್ ಒತ್ತಿದರೆ ನೆಗಡಿಯಾದ ಕುರಿಯ ದನಿ.

ಒಬ್ಬರು ಪ್ಲಗ್ ಹೋಗಿದೆ ಅಂದರು. ಇನ್ನೊಬ್ಬರು ಪೆಟ್ರೋಲಿನಲ್ಲಿ ನೀರು ಸೇರಿದೆ ಅಂದರು. ಅವ್ವನದು ಬೇರೆಯೇ ತಕರಾರು: “ಶನಿವಾರ ರಾತ್ರಿ ಜ್ವಾಳದ ಚೀಲ ತರಬ್ಯಾಡ ಅಂದ್ರ ಕೇಳಲಿಲ್ಲ ಇಂವ.” ನಾಲ್ಕು ಹುಡುಗರು ದಬ್ಬಲು ತಯಾರಾದರು. ನಾನು ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿ ಕೂತೆ.

“ಯಾರೂ ಗಾಡಿ ಮುಟ್ಟಬ್ಯಾಡ್ರಿ!”

ಪಕ್ಕದ ಮನೆಯ ಮಾಸ್ತರ್. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ 14 ವರ್ಷವಾಯಿತು. ಪಿರಿಯಡ್ ಇನ್ನೂ ಮುಗಿದಿಲ್ಲ. ಕನ್ನಡಕದ ಡಬ್ಬಿಯಿಂದ ಮಲ್ಟಿಮೀಟರ್ ತೆಗೆದರು. ನನಗೆ ಬಾನೆಟ್ ಎತ್ತಲು ಹೇಳಿದರು.

“ಬ್ಯಾಟರಿಗೆ ಎಷ್ಟು ವೋಲ್ಟು, ಹೇಳ್ರಿ?”

“12, ಸರ್.”

“ತಪ್ಪು.”

ಅಷ್ಟೇ. ಮುಂದೆ ಮಾತಿಲ್ಲ. ಮಾಸ್ತರ್ ಯಾವತ್ತೂ ಉತ್ತರ ಹೇಳುವುದಿಲ್ಲ. ಮೀಟರಿನ ಎರಡು ಕಡ್ಡಿ ಕೈಯಲ್ಲಿ ಹಿಡಿದು, ಆಕಾಶ ನೋಡುತ್ತ ಕಾಯುತ್ತಾರೆ. ದಬ್ಬಲು ಬಂದ ಹುಡುಗರು ಮೆಲ್ಲಗೆ ಹಿಂದೆ ಸರಿದರು. ಅವರಲ್ಲಿ ಇಬ್ಬರು ಮಾಸ್ತರ್ ಕೈಯಲ್ಲಿ ಕಲಿತವರು. ಕೊನೆಗೆ ಒಬ್ಬ ದೂರದಿಂದಲೇ, “12.6 ಏನ್ರಿ ಸರ್?” ಎಂದ.

“ಶಭಾಷ್! ಒಳಗ ಆರು ಮನಿ, ಅಂದ್ರ ಸೆಲ್, ಅದಾವು. ಮನಿಗೆ 2.1.” ಕಡ್ಡಿ ಹಚ್ಚಿದರು. 11.4 ತೋರಿಸಿತು.

ಹೆಂಡತಿ ಕಿಟಕಿಯಿಂದ ಇಣುಕಿ, “ಸರ್, ಅಕ್ಕಿಕಾಳು 12.20ಕ್ಕ ಅದಾವ್ರಿ,” ಎಂದಳು.

“ಇನ್ನೂ ವ್ಯಾಳ್ಯಾ ಐತಿ ತಂಗಿ. ಒಂದೀಟು ತಿನ್ನೋ ಸೋಡಾ, ಬಿಸಿನೀರು ತಾ.”

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ಸ್ವಚ್ಛ ಮಾಡಲು ವೈರು ಬಿಚ್ಚಬೇಕು. ಮೊದಲು ಯಾವುದು? ಕೆಂಪು ಅಂದೆ. ತಪ್ಪು. ಕೆಂಪು ಬಿಚ್ಚುವಾಗ ಪಾನಾ ಗಾಡಿಯ ಮೈಗೆ ತಾಗಿದರೆ ಬೆಂಕಿಯ ಕಿಡಿ, ಅದಕ್ಕೇ ಕಪ್ಪು ಮೊದಲು. ಸೋಡಾ ನೀರು ಬುರುಬುರು ನೊರೆ ಎಬ್ಬಿಸಿತು. ನನಗೂ ಹಾಗೇ ಆಗುತ್ತಿತ್ತು, ಹೇಳುವಂತಿರಲಿಲ್ಲ. ಉಜ್ಜಿ, ಒರೆಸಿ, ಮತ್ತೆ ಬಿಗಿದು ಕೀಲಿ ತಿರುಗಿಸಿದರೂ ಟಕ್.

ಆಗ ಮಾಸ್ತರ್ ಕಾರಿನೊಳಗೆ ತಲೆ ಹಾಕಿದರು. ಛಾವಣಿಯ ದೀಪದ ಗುಂಡಿ ಆನ್ ಇತ್ತು. ರಾತ್ರಿ ಜೋಳದ ಚೀಲ ಇಳಿಸಲು ನಾನೇ ಹಾಕಿದ್ದೆ. ಬೆಳಿಗ್ಗೆಯಿಂದ ಮಗನ ಮೇಲೆ ಒದರಾಡಿದ್ದೆಲ್ಲ ದಂಡ.

ಹೆಂಡತಿ ನನ್ನನ್ನು ನೋಡಿದ ರೀತಿ ಬರೆಯುವುದು ಬೇಡ. ಮಾಸ್ತರ್ ಮಾತ್ರ ಖುಷಿಯಾದರು. ಲೆಕ್ಕ ಸಿಕ್ಕಿತ್ತಲ್ಲ!

“10 ವ್ಯಾಟ್ ಬಲ್ಬು. 10 ತಾಸು. ಎಷ್ಟು ಆಂಪಿಯರ್-ಅವರ್? ಅಂದ್ರ ಬ್ಯಾಟರ‍್ಯಾಗಿಂದ ಎಷ್ಟು ಕರೆಂಟ್ ಖರ್ಚಾತು?”

ಮೊಬೈಲ್ ತೆಗೆದೆ. ಜೇಬಿಗೆ ಹಾಕಿಸಿದರು. ಬೆವರು ಒರೆಸಿಕೊಳ್ಳುತ್ತ ನೂರನ್ನು ಹನ್ನೆರಡರಿಂದ ಭಾಗಿಸಿ ಬಾಯಿಲೆಕ್ಕ ಮಾಡಿ, ಎಂಟರ ಮೇಲೆ ಸ್ವಲ್ಪ ಅಂದೆ.

“ಬ್ಯಾಟರಿ 35 ಆಂಪಿಯರ್-ಅವರ್‌ದು. 8 ಹೋದ್ರ 27 ಉಳಿತು. 27 ಇದ್ರೂ ಗಾಡಿ ಯಾಕ ಚಾಲೂ ಆಗವಲ್ದು?”

ಓಣಿ ಗಪ್ಪಾಯಿತು. ಅವ್ವ ಹಿಂದಿನ ಸೀಟಿನಿಂದ, “ಮುದುಕಾಗಿರಬೇಕು ಬಿಡ್ರಿ ಮಾಸ್ತರ,” ಎಂದಳು.

“ನೋಡ್ರಿ! ತಾಯಾರಿಗೆ ತಿಳೀತು.”

ನಾಲ್ಕು ವರ್ಷದ ಬ್ಯಾಟರಿ. ಹೊರಗಿನಿಂದ 35, ಒಳಗೆ ಅರ್ಧವೂ ಉಳಿದಿರಲಿಲ್ಲ. ದೀಪ ಬರೀ ನೆಪ.

ಆಮೇಲೆ ಮಾಸ್ತರ್ ಮಾತಿಲ್ಲದೆ ಒಳಗೆ ಹೋಗಿ ತಮ್ಮ ಕಾರಿನ ಕೀಲಿ ತಂದರು. ಪುಣೆಯಲ್ಲಿರುವ ಮಗ ಬಿಟ್ಟುಹೋದ ಕಾರು. ಇವರಿಗೆ ಓಡಿಸಲು ಬರುವುದಿಲ್ಲ. ಆದರೂ ಪ್ರತಿ ರವಿವಾರ ಹೊದಿಕೆ ಸರಿಸಿ, ಸ್ಟಿಯರಿಂಗ್ ಮುಂದೆ ಕೂತು, ಹತ್ತು ನಿಮಿಷ ಚಾಲೂ ಮಾಡಿ ಬಂದ್ ಮಾಡುತ್ತಾರೆ. ಸುಮ್ನೆ ನಿಂತರೂ ಬ್ಯಾಟರಿ ಇಳಿಯುತ್ತದೆಯಂತೆ. “ಮಗ ಬಂದಾಗ ಚಾಲೂ ಆಗಬೇಕಲ್ರಿ.” ಮಗ ಬಂದು ಎಷ್ಟು ದಿನವಾಯಿತು ಎಂದು ನಾನು ಕೇಳಲಿಲ್ಲ.

ಆ ಕಾರನ್ನು ತಂದು ನಮ್ಮದರ ಮೂತಿಗೆ ಮೂತಿ ಹಚ್ಚಿ ನಿಲ್ಲಿಸಿದೆ. ಜಂಪರ್ ಕೇಬಲ್ಲೂ ಮಾಸ್ತರದೇ. ಕೆಂಪು ನಮ್ಮ ಪ್ಲಸ್ಸಿಗೆ, ಇನ್ನೊಂದು ತುದಿ ಅವರ ಪ್ಲಸ್ಸಿಗೆ, ಕಪ್ಪು ಅವರ ಮೈನಸ್ಸಿಗೆ.

“ಕೊನೀ ತುದಿ ಎಲ್ಲಿ?”

“ನಮ್ಮ ಮೈನಸ್ಸಿಗೆ.”

ಏನಂದರೆಂದು ಬೇರೆ ಹೇಳಬೇಕಾ? ಬ್ಯಾಟರಿಯಿಂದ ದೂರ, ಎಂಜಿನ್ನಿನ ಕಬ್ಬಿಣಕ್ಕೆ. ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಕಿಡಿ ಹಾರಬಾರದು. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದೆ. ಗಾಡಿ ಗುರ್ರ್ ಎಂದಿತು. ಹುಡುಗರು ಸಿಳ್ಳೆ ಹೊಡೆದರು. ಮಾಸ್ತರ್ ಕಿಟಕಿ ಹಿಡಿದುಕೊಂಡು, “ದಾರ‍್ಯಾಗ ಬಂದ್ ಮಾಡಬ್ಯಾಡ್ರಿ. ಮತ್ತ ಒಂದು ಪ್ರಶ್ನಿ. ಬ್ಯಾಟರಿಗೆ ಜಾಸ್ತಿ ವೈರಿ ಯಾರು, ಬಿಸಲೋ ಚಳಿಯೋ? ಬಂದು ಹೇಳ್ರಿ.”

ಕೃಷ್ಣಾ ನದಿ ದಾಟಿ ಮಂಟಪ ಮುಟ್ಟಿದಾಗ ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ಯಾಕ ತಡಾ ಎಂದು ಕೇಳಿದವರಿಗೆಲ್ಲ ಹೆಂಡತಿಯದು ಒಂದೇ ಉತ್ತರ: “ಇವರ ಸಾಲಿ ಬಿಡೋದು ತಡ ಆತ್ರಿ.”

ಸೋಮವಾರ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು, ಮೇಲೆ 4,200 ರೂಪಾಯಿ ಎಣಿಸಿ ಹೊಸದು ಹಾಕಿಸಿದೆ. ವೈರಿ ಬಿಸಿಲೇ ಅಂತೆ. ಏಪ್ರಿಲ್‌ನಲ್ಲಿ 40 ದಾಟುವ ನಮ್ಮ ಊರಿನಲ್ಲಿ ಒಳಗಿನ ತಟ್ಟೆಗಳು ಬೇಗ ಸವೆಯುತ್ತವೆ. ಅಂಗಡಿಯವ ಇನ್ನೊಂದು ಮಾತು ಹೇಳಿದ. ನಿಂತಲ್ಲೇ ಹತ್ತು ನಿಮಿಷ ಚಾಲೂ ಇಟ್ಟರೆ ಅಷ್ಟು ಉಪಯೋಗವಿಲ್ಲ, ಗಾಡಿ ಓಡಬೇಕು.

ಅಂದರೆ ಮಾಸ್ತರದು ತಪ್ಪು! ನನ್ನ ಜೀವನದಲ್ಲೇ ಇಂಥ ಅವಕಾಶ ಮತ್ತೆ ಬರುವುದಿಲ್ಲ. ಬಾಯಿತನಕ ಬಂದ ಮಾತನ್ನು ನುಂಗಿ, ರವಿವಾರ ನಿಮ್ಮ ಕಾರನ್ನು ಇಬ್ರಾಹಿಂ ರೋಜಾ ತನಕ ಒಂದು ಸುತ್ತು ಓಡಿಸಿ ತರಲಾ ಎಂದು ಕೇಳಿಬಿಟ್ಟೆ.

ಒಪ್ಪಿದ್ದಾರೆ. ಪಕ್ಕದ ಸೀಟಿನಲ್ಲಿ ತಾವೂ ಕೂತು ಬರುತ್ತಾರಂತೆ.