ತೊಳೆದುಹೋದ ಪಾಪ

ನಿರ್ದೇಶಕ ಗಿಲೆರ್ಮೊ ದೆಲ್ ಟೊರೊ ಅವರ ‘ಫ್ರಾಂಕನ್‌ಸ್ಟೈನ್’ (2025) ಚಿತ್ರವು ಮೇರಿ ಶೆಲ್ಲಿಯ ಮೂಲ ಕಾದಂಬರಿಗೆ ನಿಷ್ಠವಾಗಿದೆ ಎಂದು ಚಿತ್ರದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಚಿತ್ರ ನೋಡಿದ ಮರುದಿನವೇ ನಾನು ಆ ಪುಸ್ತಕವನ್ನು ಕಪಾಟಿನಿಂದ ಇಳಿಸಿದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದು, ನೆನಪಿನಲ್ಲಿ ಉಳಿದದ್ದು ಅಷ್ಟಕ್ಕಷ್ಟೆ.

ಹಿಮದಲ್ಲಿ ಸಿಕ್ಕಿಕೊಂಡ ಹಡಗು, ಕುರುಡ ಮುದುಕ, ವಿಜ್ಞಾನಿ ವಿಕ್ಟರ್ ಫ್ರಾಂಕನ್‌ಸ್ಟೈನ್ ಸೃಷ್ಟಿಸಿದ ಜೀವಿ ತನ್ನ ಕತೆಯನ್ನು ತಾನೇ ಹೇಳುವುದು ಎಲ್ಲವೂ ಪುಸ್ತಕದವೇ, ಒಪ್ಪಿದೆ. ಆದರೆ ಪುಸ್ತಕದಲ್ಲಿ ಆ ಜೀವಿ ವಿಕ್ಟರನ ಪುಟ್ಟ ತಮ್ಮ ವಿಲಿಯಂನ ಕತ್ತು ಹಿಸುಕಿ ಕೊಲ್ಲುತ್ತದೆ. ಕೊಲೆಯ ಆರೋಪ ಹೊತ್ತು, ಆ ಮನೆಯಲ್ಲೇ ಬೆಳೆದ ಕೆಲಸದ ಹುಡುಗಿ ಜಸ್ಟೀನ್ ನೇಣಿಗೇರುತ್ತಾಳೆ. ಕೊಂದವರು ಯಾರೆಂದು ಬಲ್ಲ ವಿಕ್ಟರ್, ಹುಚ್ಚನೆಂದಾರೆಂದು ಬಾಯಿ ಬಿಡುವುದಿಲ್ಲ. ಈ ಬಾರಿ ನನ್ನನ್ನು ಕಾಡಿದ್ದು ಆ ಮೌನವೇ. ಚಿತ್ರದಲ್ಲಿ ಜಸ್ಟೀನಳ ಕತೆಯೇ ಇಲ್ಲ. ವಿಲಿಯಂ ಬೆಳೆದು ನಿಂತ ತಮ್ಮ, ಪುಸ್ತಕದಲ್ಲಿ ವಿಕ್ಟರನನ್ನು ಮದುವೆಯಾಗುವ ಎಲಿಜಬೆತ್ ಇಲ್ಲಿ ಆ ತಮ್ಮನಿಗೆ ನಿಶ್ಚಯವಾದ ಹುಡುಗಿ! ವಿಕ್ಟರನ ಕ್ರೌರ್ಯಕ್ಕೆ ಕಾರಣ ಬೇಕೆಂದು ಹೊಡೆಯುವ ಅಪ್ಪನನ್ನು ತಂದಿದ್ದಾರೆ. ಕಾದಂಬರಿಯ ಅಪ್ಪ ಮಮತೆಯ ಮನುಷ್ಯ. ಹಾಗಾಗಿ ಮಗನಿಗೆ ಯಾವ ನೆಪವೂ ಸಿಗುವುದಿಲ್ಲ.

ಚಿತ್ರದ ಕೊನೆಯಲ್ಲಿ ಆ ಜೀವಿ ವಿಕ್ಟರನನ್ನು ಕ್ಷಮಿಸುವ ದೃಶ್ಯಕ್ಕೆ ಪಕ್ಕದಲ್ಲಿದ್ದ ಮಗಳು ಕಣ್ಣೊರೆಸಿಕೊಂಡಳು. ಸುಳ್ಳೇಕೆ, ನಾನೂ. ಪುಸ್ತಕದಲ್ಲಿ ರಾಜಿಯಿಲ್ಲ. ವಿಕ್ಟರ್ ಸಾಯುತ್ತಾನೆ, ಆ ಜೀವಿ ಚಿತೆಯೇರುವೆನೆಂದು ಹೇಳಿ ಹಿಮದ ಕತ್ತಲಲ್ಲಿ ಮರೆಯಾಗುತ್ತದೆ.

ಅಂದಹಾಗೆ, ನನ್ನ ಪ್ರತಿ 1831ರಲ್ಲಿ ಲೇಖಕಿಯೇ ತಿದ್ದಿದ ಪಾಠ. 1818ರ ಮೊದಲ ಮುದ್ರಣದಲ್ಲಿ ಎಲಿಜಬೆತ್ ವಿಕ್ಟರನ ಸೋದರತ್ತೆಯ ಮಗಳು. ಆ ಪಾಠವನ್ನೂ ಈಗ ಹುಡುಕುತ್ತಿದ್ದೇನೆ.